ಪತ್ರಿಕಾನಾಮಗಳ ವಿಗ್ರಹವಾಕ್ಯ

ಕನ್ನಡ ಗದ್ಯದ ಚರಿತ್ರೆಯನ್ನು ಹೇಳುವವರು ವಡ್ಡಾರಾಧನೆಯಿಂದ ಮುದ್ದಣನವರೆಗೆ ಬಂದು, ಅಲ್ಲಿಂದ ಕಾದಂಬರಿಗೆ ನೆಗೆಯುವುದು ರೂಢಿ. ದಿನದಿನವೂ ಬೆಳಗ್ಗೆ ಮನೆಯ ಜಗುಲಿಗೆ ಬಂದು ಬೀಳುವ ಗದ್ಯವು ಅವರ ಗಣನೆಗೆ ಬಾರದು. ಈ ಉಪೇಕ್ಷೆಯು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಇಲ್ಲಿ ಪತ್ರಿಕೆಗಳ ಹೆಸರುಗಳಿಂದಲೇ ವಿಚಾರವನ್ನು ಆರಂಭಿಸೋಣ.

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗನು ಕಲ್ಲಚ್ಚಿನಲ್ಲಿ ಹೊರಡಿಸಿದ ಪಾಕ್ಷಿಕವು ‘ಮಂಗಳೂರ ಸಮಾಚಾರ’. 1885ರಲ್ಲಿ ಎಂ. ವೆಂಕಟಕೃಷ್ಣಯ್ಯನವರದು ‘ವೃತ್ತಾಂತ ಚಿಂತಾಮಣಿ’. ಎರಡೂ ನಡೆದುಹೋದುದನ್ನು ಹೇಳುವ ಶಬ್ದಗಳು. 1929ರಲ್ಲಿ ಬೆಳಗಾವಿಯಲ್ಲಿ ವಾರಪತ್ರಿಕೆಯಾಗಿ ಹುಟ್ಟಿ, 1933ರಲ್ಲಿ ಹುಬ್ಬಳ್ಳಿಯಲ್ಲಿ ದೈನಿಕವಾದ ‘ಸಂಯುಕ್ತ ಕರ್ನಾಟಕ’ವಾದರೋ ನಡೆಯಬೇಕಾದುದನ್ನು ಹೇಳಿತು. ಕರ್ಮಧಾರಯಸಮಾಸದ ಆ ವಿಶೇಷಣಕ್ಕೆ ತಕ್ಕ ವಿಶೇಷ್ಯವು ದೊರೆತುದು 1956ರ ನವೆಂಬರಿನಲ್ಲಿ.

1948ರ ಅಕ್ಟೋಬರಿನಲ್ಲಿ ಬಂದ ‘ಪ್ರಜಾವಾಣಿ’ಯು ಷಷ್ಠೀತತ್ಪುರುಷ. ಸಂಸ್ಕೃತದಲ್ಲಿ ‘ಪ್ರಜಾ’ ಎಂದರೆ ಸಂತಾನ, ದೊರೆಯ ಪಾಲನೆಗೆ ಒಳಪಟ್ಟವರು. ಪಾಲಿತರಿಗೇ ವಾಣಿಯನ್ನು ಆರೋಪಿಸಿದುದು ಆ ಕಾಲದ ಅರ್ಥಕ್ರಾಂತಿ. 1970ರ ಮಣಿಪಾಲದ ‘ಉದಯವಾಣಿ’ಯಲ್ಲಿ ವಿಗ್ರಹವು ಸಂದಿಗ್ಧ: ಉದಯದ ವಾಣಿಯೋ, ಉದಯದಲ್ಲಿ ಕೇಳುವ ವಾಣಿಯೋ? ರಾತ್ರಿಯ ಸುದ್ದಿಯು ಕೈಯ ದೂರವಾಣಿಯಲ್ಲಿ ರಾತ್ರಿಯೇ ತಿಳಿಯುವ ಈ ದಿನಗಳಲ್ಲಿ ಸಪ್ತಮಿಯ ಪಕ್ಷವು ದುರ್ಬಲವಾಗಿದೆ.

ಇನ್ನು ‘ವಾರ್ತೆ’. ಕೌಟಿಲ್ಯನು ಎಣಿಸಿದ ನಾಲ್ಕು ವಿದ್ಯೆಗಳಲ್ಲಿ ವಾರ್ತೆಯೆಂದರೆ ಸುದ್ದಿಯಲ್ಲ. ಕೃಷಿ, ಪಶುಪಾಲನೆ, ವಾಣಿಜ್ಯ. ಸರಕುಸಾಗಣೆಯ ಉದ್ಯಮಿಗಳಾದ ವಿಜಯ ಸಂಕೇಶ್ವರರು 1999ರಲ್ಲಿ ‘ವಿಜಯ ಕರ್ನಾಟಕ’ವನ್ನು ಆರಂಭಿಸಿ, ಅಗ್ಗದ ಬೆಲೆಯಿಂದ ಅದನ್ನು ಊರೂರಿಗೆ ಮುಟ್ಟಿಸಿ, 2006ರಲ್ಲಿ ಟೈಮ್ಸ್ ಬಳಗಕ್ಕೆ ಮಾರಿದಾಗ ಶಬ್ದವು ತನ್ನ ಹಳೆಯ ಅರ್ಥಕ್ಕೆ ಮರಳಿತೆನ್ನಬಹುದು. ಇದನ್ನು ನಾವು ನಿಂದೆಯಾಗಿ ಹೇಳುತ್ತಿಲ್ಲ. ಪತ್ರಿಕೆಯನ್ನೇ ಕೊಳ್ಳದಿದ್ದವರು ಕೊಂಡು ಓದಿದರು. ಆಡುಮಾತು ತಲೆಬರಹಕ್ಕೆ ಏರಿತು. ಅದರೊಡನೆ ಶ್ಲೇಷದ ಚಪಲವೂ ಏರಿತು. ನಮ್ಮ ವಿರೋಧವಿರುವುದು ಇಲ್ಲಿ. ಶ್ಲೇಷವು ಅಲಂಕಾರವೇ ಸರಿ, ಚುನಾವಣೆಯಲ್ಲಿ ಸೋತವನ ಹೆಸರಿನ ಮೇಲೆ ಆಡಿದರೆ ನಗುವೂ ಬರುತ್ತದೆ. ಬಸ್ಸು ಉರುಳಿ ಜನ ಸತ್ತ ಮರುದಿನ ಆ ಊರಿನ ಹೆಸರನ್ನೇ ಮುರಿದು ಎರಡರ್ಥ ಮಾಡಿದರೆ ಕರುಣವು ಕೆಟ್ಟು ಹಾಸ್ಯಾಭಾಸವಾಗುತ್ತದೆ. ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಕಾವ್ಯಕ್ಕಾಗಿ ಪಾಠ ಹೇಳುವ ಅಧ್ಯಾಪಕರು ಒಂದು ವಾರದ ತಲೆಬರಹಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು, ಎಲ್ಲಿ ಅಲಂಕಾರವು ರಸಕ್ಕೆ ಅಂಗವಾಗಿದೆ, ಎಲ್ಲಿ ವಿರೋಧಿಯಾಗಿದೆ ಎಂದು ಕೇಳಬಹುದು.