ಉಪಭೋಗ ಮತ್ತು ಕಾಯಕ: ‘ಮಾನಸೋಲ್ಲಾಸ’ದ ದಿನನಿತ್ಯದ ಸುಖ

೧

ಮನೆ, ಚಿತ್ರ, ಹೂ, ಊಟ, ಪಯಣ ಇವು ಮನುಷ್ಯನ ದಿನನಿತ್ಯದ ಸುಖದ ನೆಲೆಗಳು. ಇವುಗಳನ್ನು ಕುರಿತ ಪ್ರಾಚೀನ ಗ್ರಂಥಗಳನ್ನು ನಮ್ಮ ವಿದ್ವತ್ಪರಂಪರೆ ಸಾಮಾನ್ಯವಾಗಿ ಎರಡು ಬಗೆಯಲ್ಲಿ ನಡೆಸಿಕೊಂಡಿದೆ. ಇತಿಹಾಸಕಾರರು ಅವುಗಳಿಂದ ತಮಗೆ ಬೇಕಾದ ಸಾಮಗ್ರಿಯನ್ನು ಆಯ್ದುಕೊಂಡಿದ್ದಾರೆ. ಸಾಹಿತ್ಯ ವಿಮರ್ಶಕರು ಅವು ಶಾಸ್ತ್ರಗಳೆಂದು ಬದಿಗಿರಿಸಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಈ ಎರಡು ಬಗೆಯ ಓದಿಗೂ ಒಳಗಾದ ಕೃತಿ. ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಇನ್ನೊಂದು ಹೆಸರೂ ಇದಕ್ಕಿದೆ. ಇದನ್ನು ವಿಶ್ವಕೋಶವೆಂದು ಹೊಗಳುವುದು ರೂಢಿ. ಆದರೆ ವಿಶ್ವಕೋಶವೆಂಬ ಹೊಗಳಿಕೆಯಲ್ಲಿ ಒಂದು ಪ್ರಶ್ನೆ ಮುಚ್ಚಿಹೋಗುತ್ತದೆ. ಇಲ್ಲಿ ವರ್ಣಿತವಾದ ಸುಖ ಯಾರದು? ಅದನ್ನು ಸಿದ್ಧಪಡಿಸಿದ ಕೈ ಯಾರದು? ಈ ಪ್ರಶ್ನೆಯನ್ನು ಕೇಳಲು ಬೇಕಾದ ಇನ್ನೊಂದು ಪಠ್ಯಸಮೂಹ ಅದೇ ಕಲ್ಯಾಣದಲ್ಲಿ, ಒಂದೇ ತಲೆಮಾರಿನ ಅಂತರದಲ್ಲಿ ಹುಟ್ಟಿತೆಂಬುದು ಕನ್ನಡ ಸಂಸ್ಕೃತಿ ಚರಿತ್ರೆಯ ಮಹತ್ವದ ಸಂಗತಿ. ಅದು ಶರಣರ ವಚನಗಳು.

‘ಮಾನಸೋಲ್ಲಾಸ’ ಸಂಸ್ಕೃತದಲ್ಲಿ ರಚಿತವಾದುದು, ಕಾಲ ಕ್ರಿ.ಶ. ೧೧೨೯. ಆರನೆಯ ವಿಕ್ರಮಾದಿತ್ಯನ ಮಗನಾದ ಸೋಮೇಶ್ವರನಿಗೆ ಭೂಲೋಕಮಲ್ಲನೆಂಬ ಬಿರುದಿತ್ತು. ಸರ್ವಜ್ಞನೆಂಬ ಕೀರ್ತಿಯೂ ಇತ್ತು. ಇದಾದ ಸುಮಾರು ೪೦ ವರ್ಷಗಳೊಳಗೆ ಬಿಜ್ಜಳನ ಆಳಿಕೆಯ ಕಲ್ಯಾಣದಲ್ಲಿ ಬಸವಣ್ಣನವರ ನೇತೃತ್ವದ ಚಳವಳಿ ಬೆಳೆದು, ಪ್ರಕ್ಷೋಭೆಯಲ್ಲಿ ಕೊನೆಗೊಂಡಿತು. ಆಧುನಿಕ ಕಾಲದಲ್ಲಿಯೂ ಈ ಎರಡು ಪಠ್ಯಗಳು ಹೆಚ್ಚುಕಡಿಮೆ ಒಟ್ಟಿಗೇ ಬೆಳಕಿಗೆ ಬಂದವು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ೧೯೨೩ರಲ್ಲಿ ಪ್ರಕಟವಾಯಿತು. ‘ಮಾನಸೋಲ್ಲಾಸ’ದ ಮೊದಲ ಸಂಪುಟ ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ೧೯೨೫ರಲ್ಲಿಯೂ, ‘ಅಭಿಲಷಿತಾರ್ಥಚಿಂತಾಮಣಿ’ಯ ಮೊದಲ ಭಾಗ ಆರ್. ಶಾಮಶಾಸ್ತ್ರಿಗಳ ಸಂಪಾದನೆಯಲ್ಲಿ ಮೈಸೂರಿನಿಂದ ೧೯೨೬ರಲ್ಲಿಯೂ ಹೊರಬಂದವು. ಆದರೂ ಇವೆರಡನ್ನು ಎದುರುಬದುರಾಗಿ ಇರಿಸಿ ಓದುವ ರೂಢಿ ಬೆಳೆಯಲಿಲ್ಲ. ಒಂದು ಸಂಸ್ಕೃತ ವಿಭಾಗದ ಪಾಲಾಯಿತು, ಇನ್ನೊಂದು ಕನ್ನಡ ವಿಭಾಗದ ಪಾಲಾಯಿತು. ಇಲ್ಲಿನ ಹೋಲಿಕೆ ಪ್ರಭಾವವನ್ನು ಹುಡುಕುವಂಥದಲ್ಲ. ಒಂದೇ ಊರಿನ ಎರಡು ಜೀವನದೃಷ್ಟಿಗಳನ್ನು ಒಟ್ಟಿಗೆ ನೋಡುವಂಥದು.

೨

‘ಮಾನಸೋಲ್ಲಾಸ’ದಲ್ಲಿ ೫ ವಿಂಶತಿಗಳು, ಒಂದೊಂದರಲ್ಲಿ ೨೦ರಂತೆ ೧೦೦ ಅಧ್ಯಾಯಗಳು. ಮೊದಲ ಎರಡು ವಿಂಶತಿಗಳು ರಾಜ್ಯವನ್ನು ಪಡೆಯುವ ಮತ್ತು ಪಡೆದುದನ್ನು ಭದ್ರಗೊಳಿಸುವ ಬಗೆಯನ್ನು ಹೇಳುತ್ತವೆ. ಮೂರನೆಯದು ಉಪಭೋಗ; ಉಳಿದೆರಡು ವಿನೋದ ಮತ್ತು ಕ್ರೀಡೆ. ಈ ಅನುಕ್ರಮವೇ ಒಂದು ವಾದ. ಅರ್ಹತೆ, ಅಧಿಕಾರ, ಆಮೇಲೆ ಸುಖ. ರಾಜ್ಯ ಗಟ್ಟಿಯಾದ ಮೇಲೆ ಮಾತ್ರ ಊಟ ರುಚಿಸುತ್ತದೆ ಎಂಬ ಧೋರಣೆ ಇಲ್ಲಿದೆ. ಆದುದರಿಂದ ಇಲ್ಲಿಯ ಸುಖವನ್ನು ಕೇವಲ ವಿಲಾಸವೆಂದು ತಳ್ಳಿಹಾಕುವುದು ಸರಿಯಾಗದು. ಅದು ಒಡೆತನದ ಕೊನೆಯ ಮೆಟ್ಟಿಲು.

ಉಪಭೋಗ ವಿಂಶತಿ ಆರಂಭವಾಗುವುದು ಮನೆಯಿಂದ. ಸ್ನಾನ, ಪಾದುಕೆ, ತಾಂಬೂಲ, ವಿಲೇಪನ, ವಸ್ತ್ರ, ಹೂಮಾಲೆ, ಆಭರಣ, ಅನ್ನ, ಪಾನೀಯ, ಯಾನ, ಹಾಸಿಗೆ, ಧೂಪ ಮುಂತಾದವು ಒಂದೊಂದು ಅಧ್ಯಾಯದ ವಸ್ತುಗಳು. ಚಿತ್ರಕಲೆಗೆ ಪ್ರತ್ಯೇಕ ಅಧ್ಯಾಯವಿಲ್ಲ. ಅದು ಮನೆಯ ಅಧ್ಯಾಯದೊಳಗೇ ಬರುತ್ತದೆ ಎಂಬುದು ಗಮನಾರ್ಹ. ಚಿತ್ರವೆಂದರೆ ಗೋಡೆಯಿಂದ ಬೇರ್ಪಟ್ಟು ನಿಂತ ಕಲಾವಸ್ತುವಲ್ಲ, ವಾಸದ ಒಂದು ಭಾಗ. ಗೋಡೆಯನ್ನು ನುಣುಪುಗೊಳಿಸುವುದು, ಎಮ್ಮೆಯ ತೊಗಲನ್ನು ಬೆಣ್ಣೆಯಂತೆ ಮೆದುವಾಗುವವರೆಗೆ ಬೇಯಿಸಿ ವಜ್ರಲೇಪವೆಂಬ ಅಂಟನ್ನು ಸಿದ್ಧಪಡಿಸುವುದು, ಅದನ್ನು ಬಿಳಿಮಣ್ಣಿನೊಡನೆ ಬೆರೆಸಿ ಗೋಡೆಗೆ ಬಳಿಯುವುದು, ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವುದು ಇವೆಲ್ಲ ಕ್ರಮವಾಗಿ ನಿರೂಪಿತವಾಗಿವೆ. ಇಷ್ಟು ನಿಖರವಾದ ವಿವರ ಅರಮನೆಯ ಆಸನದಲ್ಲಿ ಕುಳಿತವನಿಗೆ ತಾನಾಗಿ ದಕ್ಕುವಂಥದಲ್ಲ. ತೊಗಲು ಬೇಯಿಸಿದವರ, ಗೋಡೆ ತಿಕ್ಕಿದವರ ಅನುಭವಜ್ಞಾನ ಶ್ಲೋಕದೊಳಗೆ ಸೇರಿದೆ.

ಚಿತ್ರದ ಪ್ರಕಾರಗಳ ವಿಂಗಡಣೆಯಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಕನ್ನಡಿಯ ಬಿಂಬದಂತೆ ಯಥಾವತ್ತಾದುದು ವಿದ್ಧ; ಹಾಗಲ್ಲದೆ ಕಲ್ಪನೆಯಿಂದ ಮೂಡಿದುದು ಅವಿದ್ಧ. ಇವುಗಳ ಜೊತೆಯಲ್ಲಿ ಧೂಳಿಚಿತ್ರಕ್ಕೂ ಸ್ಥಾನವಿದೆ. ಬಣ್ಣದ ಪುಡಿಯಿಂದ ನೆಲದ ಮೇಲೆ ಬಿಡಿಸುವ ಈ ಚಿತ್ರ ನಮ್ಮ ರಂಗವಲ್ಲಿಯ ಬಳಗಕ್ಕೆ ಸೇರಿದುದು. ಅರಮನೆಯ ಗೋಡೆಯ ಚಿತ್ರಕ್ಕೂ ಗುಡಿಸಲಿನ ಅಂಗಳದ ಚಿತ್ರಕ್ಕೂ ಶಾಸ್ತ್ರ ಒಂದೇ ಪಟ್ಟಿಯಲ್ಲಿ ಜಾಗ ಕೊಟ್ಟಂತಾಯಿತು. ಗೋಡೆಯ ಚಿತ್ರ ಬಾಳಿಕೆಗಾಗಿ ಬರೆದುದು. ರಂಗವಲ್ಲಿ ಸಂಜೆಗೆ ಅಳಿಸಿ ಮರುದಿನ ಮತ್ತೆ ಮೂಡುವಂಥದು. ಬಡವರ ಮನೆಗೂ ನಿಲುಕುವ ಕಲೆ ಈ ಎರಡನೆಯದೇ.

೩

ಅನ್ನದ ಅಧ್ಯಾಯ ಈ ಕೃತಿಯ ಅತ್ಯಂತ ಜೀವಂತ ಭಾಗ. ಅಕ್ಕಿಯ ಬಗೆಗಳು, ಬೇಳೆಗಳು, ಮಾಂಸ, ಮೀನು, ಸಿಹಿತಿಂಡಿ, ಹಾಲುಮೊಸರಿನ ಪದಾರ್ಥಗಳು ಎಲ್ಲವೂ ಇಲ್ಲಿವೆ. ಹೊಲದ ಇಲಿಯನ್ನು ಸುಡುವ ಕ್ರಮವೂ ದೊರೆಯ ಭೋಜನದ ಪಟ್ಟಿಯಲ್ಲಿದೆ. ಶುಚಿಯ ಹೆಸರಿನಲ್ಲಿ ಅಡುಗೆಮನೆಗಳನ್ನು ಮೇಲುಕೀಳೆಂದು ವಿಂಗಡಿಸುವವರು ಈ ಪಟ್ಟಿಯನ್ನು ಒಮ್ಮೆ ಓದುವುದು ಒಳಿತು.

ಭಾಷೆಯ ದೃಷ್ಟಿಯಿಂದ ಇನ್ನೊಂದು ಸಂಗತಿ ಮುಖ್ಯವಾದುದು. ‘ಇಡ್ಡರಿಕಾ’, ‘ಧೋಸಕ’, ‘ಮಂಡಕ’ ಎಂಬ ತಿಂಡಿಗಳ ಹೆಸರುಗಳು ಶ್ಲೋಕಗಳಲ್ಲಿ ಬರುತ್ತವೆ. ಇಡ್ಡಲಿಗೆಯ ಉಲ್ಲೇಖ ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿಯೇ ಇದೆ. ಆದರೆ ಸೋಮೇಶ್ವರ ಹೇಳುವ ಇಡ್ಡರಿಕಾ ಇಂದಿನ ಇಡ್ಲಿಯಲ್ಲ. ಅದು ಉದ್ದಿನ ಹಿಟ್ಟಿನದು; ಮೆಣಸು, ಜೀರಿಗೆ, ಇಂಗುಗಳಿಂದ ರುಚಿಗೊಂಡದ್ದು; ಅಕ್ಕಿಯನ್ನು ಬೆರೆಸಿ ಹುದುಗು ಬರಿಸುವ ಕ್ರಮ ಅಲ್ಲಿಲ್ಲ. ದೋಸೆಗೂ ಮಂಡಿಗೆಗೂ ಹತ್ತಿರವಾದ ಉಳಿದ ಎರಡು ಹೆಸರುಗಳು ಕನ್ನಡ ಓದುಗರಿಗೆ ಕೂಡಲೇ ಪರಿಚಿತವೆನಿಸುತ್ತವೆ. ರಾಜ್ಯನೀತಿಯನ್ನು ಹೇಳುವಾಗ ಸಂಸ್ಕೃತಕ್ಕೆ ತನ್ನವೇ ಪರಿಭಾಷೆಗಳು ಸಾಕಾದವು. ಒಲೆಯ ಮುಂದೆ ಬಂದಾಗ ಮಾತ್ರ ಅದು ನಾಡಿನ ಹೆಂಗಸರ ಬಾಯಲ್ಲಿದ್ದ ಮಾತನ್ನು ಕಡ ಪಡೆಯಬೇಕಾಯಿತು. ಆ ಮಾತಿಗೆ ಸಂಸ್ಕೃತದ ಪ್ರತ್ಯಯ ತೊಡಿಸಿದರೂ ಒಳಗಿನ ಜಿಗುಟು ಹಾಗೆಯೇ ಉಳಿಯಿತು. ಮುಂದೆ ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಕನ್ನಡ ಷಟ್ಪದಿಯಲ್ಲಿಯೇ ಬರೆದಾಗ ಈ ಕಡದ ಅಗತ್ಯ ಬೀಳಲಿಲ್ಲ.

ಹಾಗಾದರೆ ಈ ಸುಖವನ್ನು ಸಿದ್ಧಪಡಿಸಿದವರು ಕೃತಿಯಲ್ಲಿ ಇಲ್ಲವೆ? ಇದ್ದಾರೆ. ಅಡುಗೆಯವನು ಹೇಗಿರಬೇಕು, ಚಿತ್ರಗಾರನಲ್ಲಿ ಯಾವ ಗುಣಗಳಿರಬೇಕು ಎಂಬುದನ್ನು ಗ್ರಂಥ ಹೇಳುತ್ತದೆ. ಆದರೆ ಅವರು ಬರುವುದು ಲಕ್ಷಣಗಳಾಗಿ, ವ್ಯಕ್ತಿಗಳಾಗಿ ಅಲ್ಲ. ಅಡುಗೆಯವನಿಗೆ ಯಾವ ಊಟ ಹಿತ, ಹೂ ಕಟ್ಟುವವಳು ತನ್ನ ಮುಡಿಗೆ ಯಾವ ಹೂವನ್ನು ಉಳಿಸಿಕೊಂಡಳು ಎಂಬುದು ಶಾಸ್ತ್ರದ ವಿಷಯವಾಗಲಿಲ್ಲ. ‘ಮಾನಸೋಲ್ಲಾಸ’ದ ಮಿತಿ ಇರುವುದು ಇಲ್ಲಿ. ಸುಖದ ಪ್ರತಿಯೊಂದು ವಸ್ತುವಿಗೂ ಇಲ್ಲಿ ಹೆಸರಿದೆ. ಅದನ್ನು ಅನುಭವಿಸುವವನು ಮಾತ್ರ ಒಬ್ಬನೇ.

೪

ಉಪಭೋಗ ವಿಂಶತಿಯ ಅಧ್ಯಾಯಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಶರಣರ ಹೆಸರುಗಳನ್ನು ಗಮನಿಸಿದರೆ ಒಂದು ಅರ್ಥಪೂರ್ಣ ಸಂಬಂಧ ಗೋಚರಿಸುತ್ತದೆ. ತಾಂಬೂಲದ ಅಧ್ಯಾಯದ ಎದುರು ಹಡಪದ ಅಪ್ಪಣ್ಣ ನಿಲ್ಲುತ್ತಾನೆ. ಹಡಪವೆಂದರೆ ಎಲೆಯಡಕೆಯ ಚೀಲ. ಅದನ್ನು ಹಿಡಿಯುವ ಸೇವಕ ಇಲ್ಲಿ ಅಂಕಿತವುಳ್ಳ ವಚನಕಾರ. ಅವನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ವಸ್ತ್ರದ ಅಧ್ಯಾಯದ ಎದುರು ನೇಯುವ ಜೇಡರ ದಾಸಿಮಯ್ಯ ಮತ್ತು ಒಗೆಯುವ ಮಡಿವಾಳ ಮಾಚಯ್ಯ. ಹೂಮಾಲೆಯ ಎದುರು ಪರಂಪರೆ ನೆನೆಯುವ ಹೂಗಾರ ಮಾದಯ್ಯ. ಪಯಣದ ಎದುರು ಅಂಬಿಗರ ಚೌಡಯ್ಯ. ಪಾದುಕೆಯ ಎದುರು ಸಮಗಾರ ಹರಳಯ್ಯ. ತನ್ನ ಮತ್ತು ತನ್ನ ಹೆಂಡತಿಯ ತೊಡೆಯ ಚರ್ಮದಿಂದ ಮೆಟ್ಟು ಮಾಡಿದನೆಂಬ, ಅದನ್ನು ಮೆಟ್ಟಲು ಬಸವಣ್ಣ ಒಪ್ಪಲಿಲ್ಲವೆಂಬ ಕಥನ ಅವನ ಸುತ್ತ ಬೆಳೆದಿದೆ. ಈ ಕಥನವನ್ನು ಭಕ್ತಿಯ ಪವಾಡವಾಗಿ ಓದುವುದು ರೂಢಿ. ಪಾದುಕೋಪಭೋಗವೆಂಬ ಅಧ್ಯಾಯ ಬರೆದ ಊರಿನಲ್ಲಿಯೇ ಅದು ಹುಟ್ಟಿತೆಂದು ನೆನೆದಾಗ ಅದಕ್ಕೆ ಬೇರೊಂದು ಅರ್ಥ ಬರುತ್ತದೆ. ಮೆಟ್ಟಿನ ಸುಖದಲ್ಲಿ ಮಾಡಿದವನ ಮೈಯೇ ಸೇರಿದೆಯೆಂಬುದನ್ನು ಕಂಡವನು ಅದನ್ನು ಹಗುರಾಗಿ ಮೆಟ್ಟಲಾರ.

ಅನ್ನದ ಅಧ್ಯಾಯಕ್ಕೆ ಎದುರಾಗಿ ಇರುವವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಅದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ಹೇಳಿದ ಪ್ರಸಂಗ ಪ್ರಸಿದ್ಧವಾದುದು. ಸೋಮೇಶ್ವರನ ಅಕ್ಕಿ ಜಾತಿಗಳಾಗಿ ವಿಂಗಡಗೊಂಡಿದೆ. ಲಕ್ಕಮ್ಮನ ಅಕ್ಕಿ ಸಾಕು ಮತ್ತು ಸಾಲದು ಎಂಬ ಎರಡೇ ಅಳತೆಗಳಲ್ಲಿ ನಿಂತಿದೆ. ಇದನ್ನು ವೈರಾಗ್ಯವೆನ್ನುವುದು ಅವಸರದ ತೀರ್ಮಾನ. ಲಕ್ಕಮ್ಮ ಊಟವನ್ನು ನಿರಾಕರಿಸಲಿಲ್ಲ. ಆ ಅಕ್ಕಿಯಿಂದಲೇ ದಾಸೋಹ ನಡೆಯಬೇಕಾಗಿತ್ತು. ಅವಳು ನಿರಾಕರಿಸಿದ್ದು ಕೂಡಿಡುವುದನ್ನು. ಪ್ರಸಾದವೆಂಬ ಕಲ್ಪನೆಯಲ್ಲಿ ಅನ್ನದ ರುಚಿ ಅಳಿಯುವುದಿಲ್ಲ, ಹಂಚಿಕೊಂಡಾಗ ಅದು ಪೂರ್ಣವಾಗುತ್ತದೆ.

ಮನೆಯ ವಿಚಾರದಲ್ಲಿಯೂ ಇಂಥದೇ ತಿರುವು ಇದೆ. ಉಪಭೋಗದ ಮೊದಲ ಮೆಟ್ಟಿಲು ಕಟ್ಟಿದ ಮನೆ. ಬಸವಣ್ಣನವರು ಉಳ್ಳವರು ಕಟ್ಟುವ ದೇಗುಲಕ್ಕೆ ಎದುರಾಗಿ ಬಡವನ ದೇಹವನ್ನೇ ದೇಗುಲವಾಗಿ ಕಂಡರು. ಸ್ಥಾವರಕ್ಕಿಂತ ಜಂಗಮವನ್ನು ಮಿಗಿಲೆಂದರು. ಸೋಮೇಶ್ವರನ ಪಟ್ಟಿಯಲ್ಲಿ ಗೃಹ ಮತ್ತು ಯಾನ ಬೇರೆಬೇರೆ ಅಧ್ಯಾಯಗಳು. ಜಂಗಮನಿಗೆ ನಡೆಯುವ ದಾರಿಯೇ ವಾಸ.

೫

ಇಷ್ಟಕ್ಕೇ ನಿಲ್ಲಿಸಿದರೆ ಅರಸನೊಬ್ಬನ ಭೋಗ, ಶರಣರ ತ್ಯಾಗ ಎಂಬ ಸರಳ ವಿರೋಧ ಮಾತ್ರ ಉಳಿಯುತ್ತದೆ. ಕೃತಿಯೇ ಅದಕ್ಕೆ ಅವಕಾಶ ಕೊಡುವುದಿಲ್ಲ. ವಿನೋದ ವಿಂಶತಿಯ ಗೀತಭಾಗದಲ್ಲಿ ಸೋಮೇಶ್ವರ ದೇಶಭಾಷೆಗಳ ಹಾಡುಗಳನ್ನು ಪರಿಗಣಿಸುತ್ತಾನೆ. ಕನ್ನಡದ ಹಾಡುಗಳಿಗೂ ಅಲ್ಲಿ ಜಾಗವಿದೆ. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದು ಆತ ದಾಖಲಿಸುತ್ತಾನೆ. ಇಡೀ ಗ್ರಂಥದಲ್ಲಿ ದುಡಿಯುವವರು ತಮ್ಮ ಸುಖವನ್ನು ತಾವೇ ಪಡೆಯುವ ಅಪರೂಪದ ಗಳಿಗೆ ಅದು. ಒನಕೆ ಕೈಯಲ್ಲಿದೆ, ಹಾಡು ಬಾಯಲ್ಲಿದೆ. ಆ ಹಾಡು ದೊರೆಗಾಗಿ ಹಾಡಿದ್ದಲ್ಲ. ದೊರೆ ಅದನ್ನು ಕೇಳಿಸಿಕೊಂಡ, ಬರೆದಿಟ್ಟ. ಧೂಳಿಚಿತ್ರ, ಇಡ್ಡರಿಕಾ, ಓವಿ ಈ ಮೂರೂ ಕಡೆಗಳಲ್ಲಿ ಅರಮನೆಯ ಶಾಸ್ತ್ರ ಹೊರಗಿನ ಬಾಳಿಗೆ ಕಿವಿಗೊಟ್ಟಿದೆ. ಸೋಮೇಶ್ವರನ ದೊಡ್ಡತನ ಕಾಣುವುದು ಈ ಕಿವಿಗೊಡುವಿಕೆಯಲ್ಲಿ.

ಅದೇ ರೀತಿ ಶರಣರ ಕಡೆಯಲ್ಲಿಯೂ ಒಂದು ಎಚ್ಚರ ಅಗತ್ಯ. ಹಡಪ, ಮಡಿವಾಳ, ಅಂಬಿಗ ಎಂಬ ಮಾತುಗಳು ವಚನಗಳ ಕಾಲದಲ್ಲಿ ಕಾಯಕದ ಘನತೆಯನ್ನು ಸೂಚಿಸಿದವು. ಮುಂದಿನ ಶತಮಾನಗಳಲ್ಲಿ ಅವು ಮತ್ತೆ ಜಾತಿಯ ಗುರುತುಗಳಾಗಿ ಗಟ್ಟಿಗೊಂಡವು. ಇಂದು ಒಬ್ಬೊಬ್ಬ ಶರಣನ ಜಯಂತಿಯನ್ನು ಮುಖ್ಯವಾಗಿ ಒಂದೊಂದು ಸಮುದಾಯ ಆಚರಿಸುವಂತಾಗಿದೆ. ಕೈಕೆಲಸಕ್ಕೆ ಹೆಸರು ತಂದುಕೊಟ್ಟ ಚಳವಳಿಯ ಫಲವೂ ಕೊನೆಗೆ ಪಟ್ಟಿಯಾಗಿ ವಿಂಗಡಗೊಂಡಿತೆಂಬುದು ವಿಷಾದದ ಸಂಗತಿ.

ದಿನನಿತ್ಯದ ಸುಖ ಸಾಹಿತ್ಯ ವಿಮರ್ಶೆಗೆ ಕ್ಷುಲ್ಲಕ ವಸ್ತುವಲ್ಲವೆಂಬುದನ್ನು ಈ ಎರಡು ಪಠ್ಯಗಳ ಒಟ್ಟು ಓದು ತೋರಿಸಿಕೊಡುತ್ತದೆ. ಸುಖವನ್ನು ವಿವರವಾಗಿ, ನಾಚಿಕೆಯಿಲ್ಲದೆ, ಕಣ್ಣು ತೆರೆದು ನೋಡುವ ಶಿಸ್ತು ‘ಮಾನಸೋಲ್ಲಾಸ’ದಿಂದ ಕಲಿಯಬೇಕಾದುದು. ಆ ಸುಖದ ಹಿಂದಿನ ಕೈಯನ್ನು ಹೆಸರು ಹಿಡಿದು ಕರೆಯುವ ನ್ಯಾಯ ವಚನಗಳಿಂದ ಕಲಿಯಬೇಕಾದುದು. ಮೊದಲನೆಯದು ಮಾತ್ರ ಇದ್ದರೆ ಸುಖ ಒಡೆತನವಾಗುತ್ತದೆ. ಎರಡನೆಯದು ಮಾತ್ರ ಇದ್ದರೆ ಹೂವಿನ ಪರಿಮಳ, ಮಂಡಿಗೆಯ ತೆಳುವು, ಗೋಡೆಯ ಬಣ್ಣ ಮರೆತುಹೋಗುತ್ತವೆ. ಕಲ್ಯಾಣ ಈ ಎರಡನ್ನೂ ೪೦ ವರ್ಷಗಳೊಳಗೆ ಬರೆದಿಟ್ಟ ನಗರ. ಅವುಗಳನ್ನು ಒಂದೇ ಮೇಜಿನ ಮೇಲೆ ತೆರೆದಿಡುವ ಕೆಲಸ ಕನ್ನಡ ಸಂಶೋಧನೆಯಲ್ಲಿ ಇನ್ನು ವಿಳಂಬವಾಗಬಾರದು.