ಫೆಂಗ್‌ಶುಯಿ: ಹೊಂಗ್‌ಛುನ್ ಕಲಿಸುವುದು, ಅಂಗಡಿ ಮರೆಸುವುದು

ಫೆಂಗ್‌ಶುಯಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ನಗುವ ಬುದ್ಧ, ಮೂರು ಕಾಲಿನ ಕಪ್ಪೆ, ಬಾಗಿಲಿಗೆ ತೂಗುವ ಗಾಳಿಗಂಟೆ. ಬೆಂಗಳೂರಿನ ಗಿಫ್ಟ್ ಅಂಗಡಿಗಳಲ್ಲಿ ಇವಕ್ಕೆ ಒಳ್ಳೆಯ ಬೇಡಿಕೆಯಿದೆ. ಮನೆ, ಊರುಗಳ ನೆಲೆ ನೋಡುವ ಈ ವಿದ್ಯೆಯ ನಿಜವಾದ ತೂಕ ಗೊತ್ತಾಗಬೇಕಾದರೆ ಮಾತ್ರ ಚೀನಾದ ಆನ್ಹುಯಿ ಪ್ರಾಂತ್ಯದ ಹೊಂಗ್‌ಛುನ್ ಹಳ್ಳಿಯನ್ನು ನೋಡಬೇಕು.

ಊರಿನ ಬೆನ್ನಿಗೆ ಗುಡ್ಡ, ಮುಂದೆ ಕೆರೆ. ವಾಂಗ್ ಮನೆತನದವರು ಮಿಂಗ್ ಅರಸರ ಕಾಲದಲ್ಲಿ ಹೊಳೆಯ ನೀರನ್ನು ತಿರುಗಿಸಿ, ಕಿರುಗಾಲುವೆಗಳಲ್ಲಿ ಓಣಿ ಓಣಿಗೂ ಹರಿಸಿದರು. ಹೊಸ್ತಿಲ ಪಕ್ಕದಲ್ಲೇ ಹಾದುಹೋಗುವ ಆ ನೀರು ಊರ ನಡುವಿನ ಅರ್ಧಚಂದ್ರದಂಥ ಕೊಳ ತುಂಬಿ, ದಕ್ಷಿಣದ ಕೆರೆಗೆ ಇಳಿಯುತ್ತದೆ. ಬೆಳಗ್ಗೆ ಕುಡಿಯುವ ನೀರು ತುಂಬಿಕೊಂಡ ಮೇಲೆಯೇ ಬಟ್ಟೆ ಒಗೆಯಬೇಕೆಂಬುದು ಅಲ್ಲಿನ ಹಳೆಯ ಕಟ್ಟಳೆ. ಮರದ ತೊಲೆಗಳ ಮನೆಗೆ ಬೆಂಕಿ ಬಿದ್ದರೆ ನೀರು ಕೈಗೆಟಕುವಷ್ಟು ಹತ್ತಿರ. ಬೆನ್ನಿಗೆ ಆಸರೆ, ಮುಂದೆ ನೀರು ಎಂಬ ಫೆಂಗ್‌ಶುಯಿಯ ಮೂಲಸೂತ್ರ ಇಲ್ಲಿ ಊರಿನ ದಿನಚರಿಯಾಗಿದೆ. ಯುನೆಸ್ಕೊ 2000ದಲ್ಲಿ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಂಗ್‌ಕಾಂಗ್‌ನ ಹಳೆಯ ಹಳ್ಳಿಗಳ ಹಿಂದಿನ ಫೆಂಗ್‌ಶುಯಿ ಕಾಡುಗಳೂ ಹೀಗೆಯೇ. ಕೊಡಲಿ ಹಾಕಿದರೆ ಊರಿಗೆ ಕೇಡು ಎಂಬ ಅಂಜಿಕೆ ಇಳಿಜಾರಿನ ಮಣ್ಣನ್ನು ಹಿಡಿದಿಟ್ಟಿತು, ಬೇರೆ ಕಡೆ ಅಪರೂಪವಾದ ಮರಗಳನ್ನು ಉಳಿಸಿತು. ದೇವರಕಾಡು ಬಲ್ಲ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ತಕರಾರು ಇರುವುದು ಇನ್ನೊಂದು ಕವಲಿನ ಬಗ್ಗೆ. ಲುವೊಪಾನ್ ಎಂಬ ದಿಕ್ಸೂಚಿ ಹಿಡಿದು, ಹುಟ್ಟಿದ ವರ್ಷ ಕೂಡಿಸಿ, ಮನೆಯವರ ಭಾಗ್ಯ ಹೇಳುವ ಕವಲು ಅದು. ಅದು ಹೇಳುವ ದಿಕ್ಕು ಎಲ್ಲ ಊರಿಗೂ ಒಂದೇ ಆಗಲಾರದು. ಬೀಜಿಂಗ್‌ನ ಅಂಗಳದ ಮನೆ ಉತ್ತರಕ್ಕೆ ಬೆನ್ನು ಕೊಟ್ಟು ದಕ್ಷಿಣಕ್ಕೆ ಮುಖ ಮಾಡಿದ್ದು ಚಳಿಗಾಳಿ ತಡೆಯಲು, ಚಳಿಗಾಲದ ಬಿಸಿಲು ಒಳಗೆ ಬರಲು. ಮುಂಗಾರು ನೈಋತ್ಯದಿಂದ ಹೊಡೆಯುವ ನಮ್ಮ ಊರಿಗೆ ಆ ಲೆಕ್ಕ ಹೊಂದುವುದಿಲ್ಲ. 1980ರ ದಶಕದಲ್ಲಿ ಲಿನ್ ಯುನ್ ಅಮೆರಿಕದಲ್ಲಿ ಬೆಳೆಸಿದ ಪಂಥವಂತೂ ದಿಕ್ಸೂಚಿಯನ್ನೇ ಬಿಟ್ಟು ಬಾಗಿಲನ್ನು ಆಧಾರ ಮಾಡಿಕೊಂಡಿತು. ಹಾಗಾಗಿ ಮನೆಗೆ ಹಣ ತರುತ್ತದೆಂದು ನಂಬುವ ‘ಸಂಪತ್ತಿನ ಮೂಲೆ’ ಒಬ್ಬರಿಗೆ ಆಗ್ನೇಯ, ಇನ್ನೊಬ್ಬರಿಗೆ ಬಾಗಿಲಿನಿಂದ ಒಳಹೊಕ್ಕಾಗ ಎಡಗಡೆಯ ತುದಿ. ಒಂದೇ ಮನೆಯಲ್ಲಿ ಇವೆರಡೂ ಬೇರೆ ಬೇರೆ ಕೋಣೆಗೆ ಬೀಳಬಹುದು. ಇಷ್ಟು ಸುಲಭವಾಗಿ ಜಾಗ ಬದಲಿಸುವ ಮೂಲೆಯನ್ನು ನಂಬಿ ಗೋಡೆ ಒಡೆಸುವುದು ತಪ್ಪು.

ಮನೆ ಕಟ್ಟಿಸುವವರು ಸಲಹೆಗಾರರನ್ನು ಕರೆಸುವ ಮೊದಲು ಒಂದು ಮಳೆಗಾಲ ಸೈಟಿನಲ್ಲಿ ನಿಂತು ನೋಡಿ: ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ. ನಕ್ಷೆಯನ್ನು ಆಮೇಲೆ ಬರೆಸಿ.