‘ಶರಪಂಜರ’ದ ಕಾವೇರಿ ಮತ್ತು ಕಾದಿರಿಸಿದ ಅಂಡಾಣು

ಅಂಡಾಣುವನ್ನು ಶೀತಲೀಕರಿಸಿ ಇಡುವುದನ್ನು ‘ಆಯ್ಕೆ’ ಎಂದುಬಿಡುವುದು ಸುಲಭ. ನನಗೆ ತ್ರಿವೇಣಿಯವರ ‘ಶರಪಂಜರ’ ಅಡ್ಡ ಬರುತ್ತದೆ. ಬಾಣಂತಿತನದಲ್ಲಿ ಮನಸ್ಸು ಕದಡಿದ ಕಾವೇರಿ ಗುಣವಾಗಿ ಬಂದರೂ ಸುತ್ತಲಿನವರ ಕಣ್ಣಿಗೆ ಹುಚ್ಚಿಯೇ. ವೈದ್ಯ ಗೆದ್ದರೂ ಮನೆ ಒಪ್ಪಲಿಲ್ಲ.

2021ರ ಎಆರ್‌ಟಿ ಕಾಯಿದೆ 21 ದಾಟಿದ ಅವಿವಾಹಿತೆಗೂ ಕ್ಲಿನಿಕ್ಕಿನ ಬಾಗಿಲು ತೆರೆಯಿತು. ಅದೇ ವರ್ಷದ ಬಾಡಿಗೆ ತಾಯ್ತನ ಕಾಯಿದೆಗೆ ಒಂಟಿ ಹೆಣ್ಣೆಂದರೆ ವಿಧವೆ, ವಿಚ್ಛೇದಿತೆ ಮಾತ್ರ. ಎಂದರೆ, ಗರ್ಭ ಹೊರಲಾಗದ ಅವಿವಾಹಿತೆ ಅಂಡಾಣು ಕಾದಿರಿಸಿಕೊಂಡೂ ಹೊರಗೇ.

ಇನ್ನು ನಮ್ಮ ಸೀಮೆ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆದದ್ದು ಬಯಲಾಯಿತು. ಮರುವರ್ಷ ಪಾಂಡವಪುರದಲ್ಲೂ ಅಂಥದೇ ಪ್ರಕರಣ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ನನ್ನ ಓರಗೆಯವರಿಗೆ ‘ಯಾವಾಗ’ ಎಂಬುದಕ್ಕಿಂತ ಮೊದಲು ‘ಗಂಡೋ ಹೆಣ್ಣೋ’ ಎದುರಾಗುತ್ತದೆ. ಕಾವೇರಿಯನ್ನು ಮನೋವಿಜ್ಞಾನದ ಪಾತ್ರವೆಂದಷ್ಟೇ ಓದಿಸುವ ನಮ್ಮ ತರಗತಿಗಳು ಈ ಮನೆಗಳೊಳಗೆ ಇನ್ನೂ ಹೊಕ್ಕಿಲ್ಲ.